ಮೇ ತಿಂಗಳ ತಿರುಗಾಟ: ದೂರ ನೋಡಬೇಡಿ, ಹೊತ್ತು ನೋಡಿ



ಶಾಲೆಗೆ ರಜೆ ಸಿಕ್ಕಿದೆ. ನಿಮ್ಮಲ್ಲಿ ಅರ್ಧ ಜನ ಮತ್ಸ್ಯಗಂಧಾದ ಟಿಕೆಟು ಕನ್‌ಫರ್ಮ್ ಆಯಿತೇ ಎಂದು ದಿನಕ್ಕೆ ನಾಲ್ಕು ಸಲ ಮೊಬೈಲ್ ನೋಡುತ್ತಿದ್ದೀರಿ. ಕಲಬುರಗಿ, ಯಾದಗಿರಿ ಕಡೆಯವರು ಉದ್ಯಾನ್ ಎಕ್ಸ್‌ಪ್ರೆಸ್‌ನದ್ದು ನೋಡುತ್ತಿದ್ದೀರಿ. ಊರಿಗೆ ಹೋಗದವರ ಮನೆಯಲ್ಲಿ ಬೇರೆ ಗಲಾಟೆ: "ಪಪ್ಪಾ, ಇವತ್ತು ಎಲ್ಲಿಗೆ?" ನಮ್ಮ ಮನೆಯಲ್ಲೂ ಅದೇ. ಎರಡು ಗಂಡುಮಕ್ಕಳು, ದೊಡ್ಡವನಿಗೆ ಹತ್ತು, ಚಿಕ್ಕವನಿಗೆ ಏಳು. ಬೆಳಿಗ್ಗೆ ಎದ್ದ ಕೂಡಲೇ ಅವರಿಬ್ಬರಿಗೆ ಕಾರ್ಯಕ್ರಮ ಬೇಕು.

ಹೃದಯದ ಡಾಕ್ಟರಿಗೆ ರಜೆಯ ಉಸಾಬರಿ ಯಾಕೆ ಎಂದು ಕೇಳಬಹುದು. ಪ್ರತಿವರ್ಷ ಜೂನ್ ಮೊದಲ ವಾರದಲ್ಲಿ ಊರಿಂದ ವಾಪಸು ಬಂದವರು ನನ್ನ ಓಪಿಡಿಯಲ್ಲಿ ಸಾಲಾಗಿ ಕೂತಿರುತ್ತಾರೆ, ಅದಕ್ಕೆ. ಅವರ ಕತೆ ಆಮೇಲೆ ಹೇಳುತ್ತೇನೆ. ಮೊದಲು ನನ್ನದೇ ತಪ್ಪು ಹೇಳಿಬಿಡುತ್ತೇನೆ.

ಎರಡು ವರ್ಷದ ಹಿಂದಿನ ಮೇ, ಒಂದು ಭಾನುವಾರ. ಮಕ್ಕಳನ್ನು ಕಾನ್ಹೇರಿ ಗುಹೆಗೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೆ. ಆಸ್ಪತ್ರೆಯಲ್ಲಿ ಒಂದು ರೌಂಡ್ ಮುಗಿಸಿ ಬಂದುಬಿಡುತ್ತೇನೆ ಎಂದು ಹೋದವನು ಮನೆ ಮುಟ್ಟಿದ್ದು ಹತ್ತು ಗಂಟೆಗೆ. "ಇನ್ನು ಬೇಡ, ಸಂಜೆ ಬೇರೆ ಎಲ್ಲಿಗಾದರೂ ಹೋಗೋಣ" ಎಂದಳು ಹೆಂಡತಿ. ಮಾತು ಕೊಟ್ಟಾಗಿದೆಯಲ್ಲ ಎಂಬ ಹಟ ನನಗೆ. ಬೋರಿವಲಿ ಗೇಟು ದಾಟಿ ಗುಹೆಗಳ ಬುಡಕ್ಕೆ ಬರುವಾಗ ಹನ್ನೊಂದೂವರೆ. ಕಪ್ಪು ಬಂಡೆ ಕಾವಲಿಯ ಹಾಗೆ ಕಾದಿತ್ತು. ದೊಡ್ಡವನು ಎರಡೆರಡು ಮೆಟ್ಟಿಲು ಹಾರುತ್ತ ಮುಂದೆ, ಚಿಕ್ಕವನು ಅವನ ಹಿಂದೆ. ತಮ್ಮಂದಿರ ಕಷ್ಟ ತಮ್ಮಂದಿರಿಗೇ ಗೊತ್ತು, ಅಣ್ಣ ನಿಲ್ಲದೆ ತಾನು ನಿಲ್ಲುವ ಹಾಗಿಲ್ಲ.

ಅರ್ಧ ಗಂಟೆಯಲ್ಲಿ ಚಿಕ್ಕವನು ಮಾತು ನಿಲ್ಲಿಸಿದ. ದಿನವಿಡೀ ಪ್ರಶ್ನೆ ಕೇಳುವ ಹುಡುಗ ಸುಮ್ಮನಾದದ್ದು ನನಗೆ ಹಾಯೆನಿಸಿತು, ಹೇಳಲು ನಾಚಿಕೆಯಾಗುತ್ತದೆ. ಆಮೇಲೆ ತಲೆನೋವು ಎಂದ. ಎತ್ತಿಕೋ ಎಂದ. "ಇಷ್ಟು ದೊಡ್ಡವನಾಗಿದ್ದೀ, ನಡಿಯಪ್ಪ" ಎಂದೆ ನಾನು. ಇನ್ನು ಹತ್ತು ಮೆಟ್ಟಿಲು ಹತ್ತಿ, ವಾಂತಿ ಮಾಡಿಕೊಂಡು ಕೂತುಬಿಟ್ಟ. ಮುಖ ಬಿಳುಚಿಕೊಂಡಿತ್ತು, ಮೈಯೆಲ್ಲ ಅಂಟು ಬೆವರು, ನಾಡಿ ಹಿಡಿದರೆ 150ರ ಮೇಲೆ.

ಹತ್ತಿರದ ಗುಹೆಯೊಳಗೆ, ಭಿಕ್ಷುಗಳು ಮಲಗುತ್ತಿದ್ದ ಕಲ್ಲಿನ ಜಗಲಿಯ ಮೇಲೆ ಮಲಗಿಸಿದೆವು. ಅಂಗಿ ಬಿಚ್ಚಿ, ಬಾಟಲಿಯ ನೀರು ಮೈಮೇಲೆಲ್ಲ ಸುರಿದು, ಹೆಂಡತಿ ದುಪಟ್ಟಾದಿಂದ ಗಾಳಿ ಹಾಕಿದಳು. ಓಆರ್‌ಎಸ್ ಪೊಟ್ಟಣ ಅವಳ ಚೀಲದಲ್ಲಿತ್ತು, ಡಾಕ್ಟರ ಚೀಲದಲ್ಲಿ ಇರಲಿಲ್ಲ. ಮುಕ್ಕಾಲು ಗಂಟೆಯಲ್ಲಿ ಕಣ್ಣರಳಿಸಿ "ಇಲ್ಲಿ ಬಾವಲಿ ಇದೆಯಾ?" ಎಂದು ಕೇಳಿದ. ಅಲ್ಲಿಗೆ ನನಗೂ ಜೀವ ಬಂತು. ಸಂಜೆ ಊರಿಂದ ಅಮ್ಮನ ಫೋನು: "ಎಂಥ ಡಾಕ್ಟ್ರೋ ನೀನು? ಮಗು ಮಾತು ನಿಲ್ಸಿದ್ದು ಕಾಣ್ಲಿಲ್ವಾ?"

ಅಮ್ಮ ಕೇಳಿದ ಪ್ರಶ್ನೆಯನ್ನೇ ಈಗ ನಿಮಗೂ ಕೇಳುತ್ತೇನೆ. ಮಕ್ಕಳು "ನನಗೆ ಬಿಸಿಲು ತಾಗಿದೆ" ಎಂದು ಹೇಳುವುದಿಲ್ಲ. ಸುಮ್ಮನಾಗುತ್ತಾರೆ, ಇಲ್ಲವೇ ಕಾರಣವಿಲ್ಲದೆ ಕಿರಿಕಿರಿ ಮಾಡುತ್ತಾರೆ. ತಲೆನೋವು, ಹೊಟ್ಟೆ ತೊಳಸುವುದು, ಮೀನಖಂಡ ಹಿಡಿದುಕೊಳ್ಳುವುದು ಆಮೇಲೆ. ಸುಮ್ಮನಾದಾಗಲೇ ನೆರಳಿಗೆ ಕರೆತಂದರೆ ಮುಂದಿನದು ಬರುವುದಿಲ್ಲ. ತೊದಲಿದರೆ, ಏನೇನೋ ಮಾತಾಡಿದರೆ, ತೂರಾಡಿದರೆ, ಎಚ್ಚರ ತಪ್ಪಿದರೆ ಅದು ಹೀಟ್ ಸ್ಟ್ರೋಕ್. ಆಗ ಬಾಯಿಗೆ ನೀರು ಹಾಕಬೇಡಿ. 108ಕ್ಕೆ ಫೋನ್ ಮಾಡಿ, ಮೈಯೆಲ್ಲ ನೆನೆಸಿ ಗಾಳಿ ಹಾಕುತ್ತಲೇ ಇರಿ. ಹಣೆಗೊಂದು ಒದ್ದೆ ಬಟ್ಟೆ ಸಾಲದು. ಪ್ಯಾರಾಸಿಟಮಾಲ್ ಈ ಕಾವಿಗೆ ಕೆಲಸ ಮಾಡುವುದಿಲ್ಲ, ಇದು ಜ್ವರವಲ್ಲ.

ಮುಂಬೈಯ ಬಿಸಿಲಿನ ಮೋಸ ಇರುವುದು ಬೆವರಿನಲ್ಲಿ. ಬೆವರು ಸುರಿದರೆ ಮೈ ತಣ್ಣಗಾಗುವುದಿಲ್ಲ, ಬೆವರು ಆರಿದರೆ ಮಾತ್ರ ತಣ್ಣಗಾಗುತ್ತದೆ. ಕಲಬುರಗಿಯ ಒಣ ಬಿಸಿಲಿನಲ್ಲಿ 41 ಡಿಗ್ರಿ ಇದ್ದರೂ ಬೆವರು ಆರುತ್ತದೆ, ಹಾಗಾಗಿ ಅಲ್ಲಿ ನೀರು ಕಡಿಮೆಯಾಗುವ ಅಪಾಯ ದೊಡ್ಡದು. ಇಲ್ಲಿ ಅಂಗಿ ಹಿಂಡುವಷ್ಟು ಬೆವರಿದರೂ ಆರುವುದಿಲ್ಲ, ಕಾವು ಒಳಗೇ ಉಳಿಯುತ್ತದೆ. ಮೊಬೈಲಿನಲ್ಲಿ 33 ಡಿಗ್ರಿ ಎಂದು ತೋರಿಸಿದರೂ, ಗಾಳಿಯ ತೇವಾಂಶ ಶೇಕಡ 70 ಇದ್ದರೆ ದೇಹಕ್ಕದು 40 ದಾಟಿದ ಹಾಗೆ. ಹವಾಮಾನ ಇಲಾಖೆ ಬಿಸಿಗಾಳಿ ಎಂದು ಲೆಕ್ಕ ಹಾಕಲು ಬಯಲುಸೀಮೆಗೆ 40 ಡಿಗ್ರಿಯ ಗೆರೆ ಇಟ್ಟುಕೊಂಡು ಕರಾವಳಿಗೆ 37ರ ಗೆರೆ ಇಟ್ಟಿದೆ. 2023ರ ಏಪ್ರಿಲ್ 16ರಂದು ಖಾರ್‌ಘರ್‌ನ ಬಯಲಿನಲ್ಲಿ ನಡೆದ ಪ್ರಶಸ್ತಿ ಸಮಾರಂಭ ನಿಮಗೆ ನೆನಪಿರಬಹುದು. ಮಧ್ಯಾಹ್ನದ ಬಿಸಿಲಿನಲ್ಲಿ ಗಂಟೆಗಟ್ಟಲೆ ಕೂತವರಲ್ಲಿ 14 ಜನ ತೀರಿಕೊಂಡರು. ಓಡಿದವರಲ್ಲ, ಗುಡ್ಡ ಹತ್ತಿದವರಲ್ಲ, ಬರೇ ಕೂತವರು.

"ಡಾಕ್ಟ್ರೇ, ನಾವೆಲ್ಲ ಬಿಸಿಲಲ್ಲೇ ಆಡಿ ಬೆಳೆದವರಲ್ವಾ?" ಎಂದು ಪ್ರತಿಸಲ ಒಬ್ಬರಾದರೂ ಕೇಳುತ್ತಾರೆ. ಹೌದು, ನಾನೂ ಹಾಗೇ ಬೆಳೆದವನು. ಆದರೆ ನಾವು ಫೆಬ್ರವರಿ, ಮಾರ್ಚಿನಿಂದಲೇ ಬಿಸಿಲಿನಲ್ಲಿ ಓಡಾಡಿ ಪಳಗಿದ್ದೆವು. ಬಿಸಿಲಿಗೆ ಮೈ ಒಗ್ಗಲು ಒಂದರಿಂದ ಎರಡು ವಾರ ಬೇಕು. ಶಾಲೆಯ ಬಸ್ಸು, ಟ್ಯೂಷನ್ ಕ್ಲಾಸು, ರಾತ್ರಿಯ ಏಸಿ ಎಂದು ಇದ್ದ ಹುಡುಗನನ್ನು ರಜೆಯ ಮೊದಲ ದಿನವೇ ನಡುಹಗಲಿನಲ್ಲಿ ಬಿಟ್ಟರೆ ಅವನ ಮೈಗೆ ಅದು ಗೊತ್ತಿಲ್ಲ. ಇನ್ನೊಂದು ಸಂಗತಿ ನಾವು ಮರೆತಿದ್ದೇವೆ. ಮಧ್ಯಾಹ್ನ ಊಟಕ್ಕೆ ಕರೆದ ಅಜ್ಜಿ ನಮ್ಮನ್ನು ಮತ್ತೆ ಅಂಗಳಕ್ಕೆ ಬಿಡುತ್ತಿರಲಿಲ್ಲ, ನಾಲ್ಕು ಗಂಟೆಯವರೆಗೆ ಚಾವಡಿಯಲ್ಲಿ ಮಲಗಿಸುತ್ತಿದ್ದಳು. ನಮ್ಮ ನೆನಪಿನಲ್ಲಿ ಆಟ ಉಳಿದಿದೆ, ನಿದ್ದೆ ಉಳಿದಿಲ್ಲ.

ಹಾಗಾದರೆ ಮಕ್ಕಳನ್ನು ಮನೆಯೊಳಗೇ ಕೂರಿಸಬೇಕೇ? ಖಂಡಿತ ಬೇಡ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಉಸಿರೇರುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನನ್ನ ಕೇಳಿದರೆ ರಜೆಯಲ್ಲಿ ಎರಡು ಗಂಟೆ. ಮಾಲ್‌ನ ಗೇಮ್ ಝೋನ್‌ನಲ್ಲಿ ಕಾರ್ಡು ಉಜ್ಜಿ ಆಡುವ ಆಟ ಈ ಲೆಕ್ಕಕ್ಕೆ ಬರುವುದಿಲ್ಲ. ನನ್ನ ತಕರಾರು ಇರುವುದು ತಿರುಗಾಟದ ಮೇಲಲ್ಲ, ಅದರ ಹೊತ್ತಿನ ಮೇಲೆ. ನಾವು ಯಾವಾಗಲೂ "ಎಲ್ಲಿಗೆ" ಎಂದು ಮೊದಲು ನಿಶ್ಚಯ ಮಾಡಿ, "ಎಷ್ಟು ಹೊತ್ತಿಗೆ" ಎನ್ನುವುದನ್ನು ತಿಂಡಿ, ಸ್ನಾನ, ಪಾರ್ಕಿಂಗಿಗೆ ಬಿಡುತ್ತೇವೆ. ಅದನ್ನು ತಿರುಗಿಸಬೇಕು.

ಅದೇ ಮೇ ಕೊನೆಯಲ್ಲಿ ನಾವು ಮತ್ತೆ ಕಾನ್ಹೇರಿಗೆ ಹೋದೆವು, ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೆ. ಸೋಮವಾರ ಉದ್ಯಾನಕ್ಕೆ ರಜೆ, ಅದೊಂದು ನೆನಪಿಡಿ. ಅದೇ ಮೆಟ್ಟಿಲು, ಅದೇ ಹುಡುಗರು, ಒಬ್ಬನಿಗೂ ದಣಿವಿಲ್ಲ. ನೂರಕ್ಕೂ ಹೆಚ್ಚು ಗುಹೆ, ಬಂಡೆಯಲ್ಲೇ ಕೊರೆದ ನೀರಿನ ತೊಟ್ಟಿ, ಮಳೆನೀರು ಹರಿದು ಬರಲು ತೋಡಿದ ಕಾಲುವೆ. ಎರಡು ಸಾವಿರ ವರ್ಷದ ಹಿಂದೆ ಇಲ್ಲಿದ್ದವರಿಗೆ ಮೇ ತಿಂಗಳ ಅರಿವು ನಮಗಿಂತ ಚೆನ್ನಾಗಿತ್ತು. ನಮ್ಮವರಿಗೆ ಇಲ್ಲಿ ಇನ್ನೊಂದು ಹೆಮ್ಮೆ ಇದೆ. ಒಂಬತ್ತನೇ ಶತಮಾನದ ಇಲ್ಲಿನ ಶಾಸನಗಳಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷನ ಹೆಸರಿದೆ, ಅಂದರೆ ಕವಿರಾಜಮಾರ್ಗದ ನೃಪತುಂಗನ ಹೆಸರು. ಇಂಗ್ಲಿಷ್ ಮೀಡಿಯಂ ಹುಡುಗರಿಗೆ "ನಮ್ಮ ಭಾಷೆಯ ರಾಜ ಬೋರಿವಲಿವರೆಗೆ ಆಳುತ್ತಿದ್ದ" ಎಂದು ಹೇಳಿ ನೋಡಿ, ಕಣ್ಣು ದೊಡ್ಡದಾಗುತ್ತದೆ. ಹತ್ತೂವರೆಗೆ ನಾವು ಮನೆಯ ದಾರಿ ಹಿಡಿದಾಗಿತ್ತು.

ಎಲಿಫೆಂಟಾಕ್ಕೂ ಇದೇ ಲೆಕ್ಕ. ಗೇಟ್‌ವೇಯಿಂದ ಮೊದಲ ದೋಣಿ ಹಿಡಿಯಿರಿ, ಒಂದು ಗಂಟೆಯ ದಾರಿ, ಆಮೇಲೆ ಸುಮಾರು 120 ಮೆಟ್ಟಿಲು ಇದೆ. ಅದಕ್ಕೂ ಸೋಮವಾರ ರಜೆ. ದೂರ ಹೋಗಲು ಮನಸ್ಸಿಲ್ಲದಿದ್ದರೆ ಮಾಟುಂಗದ ಫೈವ್ ಗಾರ್ಡನ್ಸ್‌ನಲ್ಲಿ ಬೆಳಿಗ್ಗೆ ಓಡಿಸಿ, ಪಕ್ಕದಲ್ಲೇ ಇಡ್ಲಿ ತಿನ್ನಿಸಿ, ಒಂಬತ್ತೂವರೆಗೆ ಮನೆ. ನಡುಹಗಲು ಹೊರಗೆ ಹೋಗಲೇಬೇಕೆಂದರೆ ವರ್ಲಿಯ ನೆಹರೂ ವಿಜ್ಞಾನ ಕೇಂದ್ರ, ಕೋಟೆ ಕಡೆಯ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ ಇವೆ. ಮಧ್ಯಾಹ್ನದ ಖಾಲಿ ಲೋಕಲ್‌ನಲ್ಲಿ ಕಿಟಕಿ ಪಕ್ಕ ಕೂತು ಚರ್ಚ್‌ಗೇಟಿಗೆ ಹೋಗುವುದು ಮಕ್ಕಳಿಗೆ ರೋಲರ್ ಕೋಸ್ಟರ್‌ಗಿಂತ ಹೆಚ್ಚಿನ ಖುಷಿ.

ಕುಡಿಯುವ ವಿಷಯಕ್ಕೆ ಒಂದು ಮಾತು. ಓಆರ್‌ಎಸ್ ದೊಡ್ಡ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಹಾಕಬೇಕು. ಒಂದು ಲೋಟಕ್ಕೆ ಹಾಕಿ ಕುಡಿಸಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಕೆಡುಕೇ. ಬಣ್ಣಬಣ್ಣದ ಟೆಟ್ರಾ ಪ್ಯಾಕಿನ ಸಿಹಿ ಪಾನೀಯಗಳಿಗೆ ಓಆರ್‌ಎಸ್ ಎಂಬ ಹೆಸರು ಹಾಕಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಕೊಟ್ಟಿತು. ಅವು ಔಷಧವಲ್ಲ, ಸಕ್ಕರೆ ನೀರು. ದಿನನಿತ್ಯಕ್ಕೆ ಉಪ್ಪು ಹಾಕಿದ ಮಜ್ಜಿಗೆ, ಪುನರ್ಪುಳಿ ಶರಬತ್ತು, ಎಳನೀರು ಸಾಕು. ನಮ್ಮ ಕಡೆ ಬಿಸಿಲಲ್ಲಿ ಬಂದವರಿಗೆ ಮೊದಲು ಬೆಲ್ಲ ನೀರು ಕೊಡುವ ಪದ್ಧತಿ ಸುಮ್ಮನೆ ಬಂದದ್ದಲ್ಲ. ಬಾಯಾರಿಕೆ ಎಂದು ಹುಡುಗರು ಕೇಳುವವರೆಗೆ ಕಾಯಬೇಡಿ, ಆಟದ ನಡುವೆ ಇಪ್ಪತ್ತು ನಿಮಿಷಕ್ಕೊಮ್ಮೆ ನೀವೇ ಕೊಡಿ.

ಇನ್ನು ಊರಿನ ಪಯಣ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗುವ ಮೊದಲು ಉಡುಪಿಗೆ ಹೋಗುವುದೆಂದರೆ ಒಂದು ದಿನಕ್ಕೂ ಹೆಚ್ಚು ಘಟ್ಟದ ಬಸ್ಸಿನಲ್ಲಿ ನಲುಗಬೇಕಿತ್ತು, ಹೋದವರು ತಿಂಗಳುಗಟ್ಟಲೆ ಅಲ್ಲೇ ಇರುತ್ತಿದ್ದರು. ಈಗ ಮಧ್ಯಾಹ್ನ ಕುರ್ಲಾದಲ್ಲಿ ಹತ್ತಿದರೆ ಮರುದಿನ ಬೆಳಿಗ್ಗೆ ಊರು. ದಾರಿ ಸುಲಭವಾಯಿತು, ರಜೆ ಎಂಟು ದಿನಕ್ಕೆ ಇಳಿಯಿತು. ಆ ಎಂಟು ದಿನದಲ್ಲಿ ಕೊಲ್ಲೂರು, ಧರ್ಮಸ್ಥಳ, ಸುಬ್ರಹ್ಮಣ್ಯ, ಎರಡು ಮದುವೆ, ಒಂದು ಗೃಹಪ್ರವೇಶ, ಒಂದು ಕೋಲ. ಬಾಡಿಗೆ ಕಾರಿನಲ್ಲಿ ಹಿಂದಿನ ಸೀಟಿನಲ್ಲಿ ಇಬ್ಬರು ಹುಡುಗರು ವಾಂತಿ ಮಾಡುತ್ತ, ಜಗಳವಾಡುತ್ತ. ಇದು ರಜೆಯಲ್ಲ, ಡ್ಯೂಟಿ. ಸಂಬಂಧಿಕರು ಬೇಸರ ಮಾಡಿಕೊಳ್ಳುತ್ತಾರೆ, ನನಗೂ ಗೊತ್ತು. ಆದರೂ ಹೇಳುತ್ತೇನೆ: ಒಂದೇ ಮನೆಯಲ್ಲಿ ಐದು ದಿನ ನಿಲ್ಲಿ, ಎರಡು ಕಡೆ ಹೋಗಿ, ಉಳಿದದ್ದು ಮುಂದಿನ ವರ್ಷಕ್ಕೆ. ಮಕ್ಕಳಿಗೆ ಬೇಕಾದದ್ದು ಅಜ್ಜಿಮನೆಯ ಅಂಗಳ, ಮಾವಿನ ಮರ, ಕರು, ಮಧ್ಯಾಹ್ನದ ನಿದ್ದೆ. ಕಾರಿನಲ್ಲಿ ಮಗು ಮಲಗಿದೆಯಲ್ಲ ಎಂದು ಗಾಜು ಏರಿಸಿ ದರ್ಶನಕ್ಕೆ ಹೋಗಬೇಡಿ, ಹತ್ತು ನಿಮಿಷಕ್ಕೂ ಬೇಡ. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಏರುತ್ತದೆ.

ನೀರಿನ ಬಗ್ಗೆ ಗಟ್ಟಿಯಾಗಿ ಹೇಳಲೇಬೇಕು. ಮುಂಬೈಗೆ ಮಳೆಗಾಲ ಕಾಲಿಡುವ ವಾಡಿಕೆಯ ದಿನ ಜೂನ್ 11, ಕರಾವಳಿಗೆ ಅದಕ್ಕೂ ಮೊದಲು. ಮಳೆ ಬರುವ ಮೊದಲೇ ಕಡಲು ಬದಲಾಗಿರುತ್ತದೆ. ಅಕ್ಸಾ, ಜುಹು, ಮಲ್ಪೆ ಯಾವುದೇ ಇರಲಿ, ಮಗು ನಿಮ್ಮ ಕೈಗೆ ಎಟುಕುವಷ್ಟು ಹತ್ತಿರ, ಮೊಣಕಾಲಿನಷ್ಟೇ ನೀರಿನಲ್ಲಿ ಇರಬೇಕು. ಊರಿನಲ್ಲಿ ಕಟ್ಟೆಯಿಲ್ಲದ ಬಾವಿ, ಕೆರೆ, ನೀರು ನಿಂತ ಕೆಂಪುಕಲ್ಲಿನ ಕೋರೆ ಇರುತ್ತವೆ. ಊರ ಹುಡುಗರಿಗೆ ಈಜು ಬರುತ್ತದೆ, ನಿಮ್ಮ ಹುಡುಗರಿಗೆ ಬರುವುದಿಲ್ಲ, ಆದರೂ ಅವರ ಹಿಂದೆ ಹೋಗುತ್ತಾರೆ. ಇಬ್ಬರು ಅಣ್ಣತಮ್ಮಂದಿರಿದ್ದರೆ ಒಬ್ಬ ಬಿದ್ದಾಗ ಇನ್ನೊಬ್ಬ ಎತ್ತಲು ಹಾರುತ್ತಾನೆ. "ಹಾರಬೇಡ, ಕೂಗು, ಹಗ್ಗ ಅಥವಾ ಕೋಲು ಚಾಚು" ಎಂದು ದೊಡ್ಡವನಿಗೆ ಹತ್ತು ಸಲ ಹೇಳಿ. ನೀರಿನಿಂದ ಎತ್ತಿದ ಮಗುವನ್ನು ತಲೆಕೆಳಗು ಮಾಡಿ ನೀರು ಕಕ್ಕಿಸುವುದರಲ್ಲಿ ಹೊತ್ತು ಕಳೆಯಬೇಡಿ. ಉಸಿರಿಲ್ಲದಿದ್ದರೆ ಕೂಡಲೇ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು. ಕಲಿಯಲು ಒಂದು ಮಧ್ಯಾಹ್ನ ಸಾಕು.

ಈಗ ಜೂನ್ ತಿಂಗಳ ಓಪಿಡಿಗೆ ಬರುತ್ತೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಉಪನಗರದಲ್ಲಿ ಹೋಟೆಲು ನಡೆಸುವ 44 ವರ್ಷದವರು. ಬೆಳಿಗ್ಗೆ ನಾಲ್ಕಕ್ಕೆ ಎದ್ದು ರಾತ್ರಿ ಹನ್ನೊಂದರವರೆಗೆ ಗಲ್ಲಾದಲ್ಲಿ ಕೂರುವವರು, ಹನ್ನೊಂದು ತಿಂಗಳು ನಡಿಗೆಯೇ ಇಲ್ಲ. ಊರಿನಲ್ಲಿ ಗುಡ್ಡದ ಮೇಲಿನ ದೇವಸ್ಥಾನಕ್ಕೆ ಚಿಕ್ಕ ಮಗನನ್ನು ಹೆಗಲ ಮೇಲೆ ಕೂರಿಸಿ ಮೆಟ್ಟಿಲು ಹತ್ತಿದರು, ದೊಡ್ಡವನ ಜತೆ ಪಂತ ಬೇರೆ. ಅರ್ಧದಲ್ಲಿ ಎದೆ ಹಿಡಿದುಕೊಂಡಿತು, ಬೆವರಿತು. ಗ್ಯಾಸ್ ಎಂದು ಸೋಡಾ ಕುಡಿದರು. ರಾತ್ರಿಯೂ ನೋವಿತ್ತು. "ಇಲ್ಲಿ ಬೇಡ, ಮುಂಬೈಗೆ ಹೋಗಿ ನಮ್ಮ ಡಾಕ್ಟ್ರಿಗೇ ತೋರಿಸ್ತೇನೆ" ಎಂದು ಮರುದಿನದ ರೈಲು ಹತ್ತಿದರು. ನನ್ನ ಹತ್ತಿರ ಬರುವಾಗ ಎರಡು ದಿನ ಕಳೆದಿತ್ತು. ಹೊರಗೆ ಬೆಂಚಿನಲ್ಲಿ ಇಬ್ಬರು ಹುಡುಗರು ಮಾವಿನಹಣ್ಣಿನ ಪೆಟ್ಟಿಗೆ ಕಾಲಡಿ ಇಟ್ಟುಕೊಂಡು ಕೂತಿದ್ದರು. ಅವರು ಬದುಕಿದ್ದಾರೆ. ಆದರೆ ಹೃದಯದ ಪಂಪಿನ ಶಕ್ತಿ ಅರ್ಧಕ್ಕೆ ಇಳಿದಿದೆ, ಆ ಹುಡುಗನನ್ನು ಇನ್ನು ಹೆಗಲ ಮೇಲೆ ಎತ್ತುವ ಹಾಗಿಲ್ಲ.

"ನಮ್ಮ ಡಾಕ್ಟ್ರಿಗೇ ತೋರಿಸ್ತೇನೆ" ಎಂಬ ಈ ಮಾತು ನನಗೆ ಗೌರವವೆಂದು ಅನಿಸಬೇಕಿತ್ತು, ಅನಿಸುವುದಿಲ್ಲ. ಹೃದಯಾಘಾತದಲ್ಲಿ ಮೊದಲ ಕೆಲವು ಗಂಟೆಗಳೇ ಚಿಕಿತ್ಸೆ. ನಾವು ಊರು ಬಿಟ್ಟ ಕಾಲದ ಊರು ಈಗಿಲ್ಲ. ಮಣಿಪಾಲ, ಮಂಗಳೂರಿನಲ್ಲಿ ಆಂಜಿಯೋಪ್ಲಾಸ್ಟಿ ಆಗುತ್ತದೆ. ಜಯದೇವ ಹೃದ್ರೋಗ ಸಂಸ್ಥೆ ಬೆಂಗಳೂರಿನಲ್ಲಿ ಮಾತ್ರವಲ್ಲ, ಮೈಸೂರು, ಕಲಬುರಗಿಯಲ್ಲೂ ಇದೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಕರ್ನಾಟಕದ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಪುನೀತ್ ತೀರಿಕೊಂಡಾಗ 46 ವರ್ಷ. ಎದೆಯ ಬಿಗಿತ, ದವಡೆ ಅಥವಾ ಎಡಗೈಗೆ ಹರಿಯುವ ನೋವು, ಕಾರಣವಿಲ್ಲದ ಬೆವರು ಕಂಡರೆ ಅಲ್ಲೇ, ಆಗಲೇ ಇಸಿಜಿ. ಎರಡೂ ರಾಜ್ಯಗಳಲ್ಲಿ 108 ಅದೇ ನಂಬರು. ರೈಲಿನಲ್ಲಿದ್ದರೆ 139.

ನಾವು ನಲವತ್ತರ ಗಂಡಸರು ಇನ್ನೂ ಹುಡುಗರೆಂದು ಭಾವಿಸುತ್ತೇವೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆದ ಸರಾಸರಿ ವಯಸ್ಸು 53, ಉಳಿದವರಿಗೆ ಸುಮಾರು 59. ಹಾಗೆಂದು ಬೆಂಚಿನಲ್ಲಿ ಫೋನು ಹಿಡಿದು ಕೂತು ಮಕ್ಕಳನ್ನು ಆಡಲು ಬಿಡಿ ಎನ್ನುತ್ತಿಲ್ಲ. ಟಿಕೆಟು ಸಿಕ್ಕಿದ ದಿನದಿಂದಲೇ ನಡೆಯಲು ಶುರು ಮಾಡಿ. ಈಗ 60 ದಿನ ಮೊದಲೇ ಬುಕ್ ಆಗುತ್ತದೆ, ಅಷ್ಟು ಸಮಯ ಧಾರಾಳ. ಬಿಲ್ಡಿಂಗಿನ ಲಿಫ್ಟು ಬಿಟ್ಟು ಮೆಟ್ಟಿಲು ಹತ್ತಿ, ಮಕ್ಕಳ ಜತೆ ಹತ್ತಿ. ಎರಡನೇ ಮಾಳಿಗೆಯಲ್ಲೇ ಎದೆ ಹಿಡಿದರೆ ಗುಡ್ಡದ ಮೇಲೆ ಗೊತ್ತಾಗುವುದಕ್ಕಿಂತ ಇಲ್ಲಿ ಗೊತ್ತಾಗುವುದು ಒಳ್ಳೆಯದು.

ಜತೆಗೆ ಬರುವ ಅಜ್ಜ ಅಜ್ಜಿಯರ ಮಾತ್ರೆ ಸೂಟ್‌ಕೇಸಿನಲ್ಲಿ ಹಾಕಬೇಡಿ, ಕೈಚೀಲದಲ್ಲಿರಲಿ, ಎರಡು ದಿನಕ್ಕೆ ಹೆಚ್ಚಿರಲಿ. ಬಿಸಿಲಿಗೆ ರಕ್ತನಾಳ ಹಿಗ್ಗಿ ಬಿಪಿ ಇಳಿಯುತ್ತದೆ, ಎದ್ದು ನಿಂತಾಗ ತಲೆ ತಿರುಗುತ್ತದೆ, ಮುಖ್ಯವಾಗಿ ಮೂತ್ರ ಹೆಚ್ಚಿಸುವ ಮಾತ್ರೆ ತಗೊಳ್ಳುವವರಿಗೆ. ಹಾಗೆಂದು "ಊರಲ್ಲಿ ಹಾಯಾಗಿದ್ದೇನೆ" ಎಂದು ತಾವೇ ಮಾತ್ರೆ ನಿಲ್ಲಿಸುವವರು ಬಹಳ. ಹೊರಡುವ ಮೊದಲೇ ಡಾಕ್ಟರ ಹತ್ತಿರ ಡೋಸು ಕೇಳಿಕೊಳ್ಳಿ. ಹಾರ್ಟ್ ಫೇಲ್ಯೂರ್ ಇರುವವರು ನೀರು ಎಷ್ಟು ಕುಡಿಯಬೇಕೆಂದೂ ಕೇಳಬೇಕು, ಮೇಲೆ ಮಕ್ಕಳಿಗೆ ಹೇಳಿದ ಲೆಕ್ಕ ಅವರಿಗಲ್ಲ. ಇನ್ನೊಂದು, ರಜೆಯಲ್ಲೂ ಹತ್ತು ಜನರಿಗೆ ಕಾದ ಅಡುಗೆಮನೆಯಲ್ಲಿ ಬೇಯಿಸುವ ಹೆಂಗಸರಿಗೂ ಬಿಸಿಲು ತಾಗುತ್ತದೆ. ಗಂಡಸರು ದೋಸೆ ಹುಯ್ಯಲು ಕಲಿತರೆ ಯಾರೂ ತಡೆಯುವುದಿಲ್ಲ.

ನಮ್ಮ ಟಿಕೆಟು ಮುಂದಿನ ವಾರಕ್ಕೆ. ಏಳು ದಿನ, ಒಂದೇ ಮನೆ. ಈಜು ಕಲಿಯಬೇಕೆಂದು ದೊಡ್ಡವನ ಹಟ. ಕೆರೆಯಲ್ಲಿ ನನ್ನ ಮಾವ ಕಲಿಸುತ್ತಾರೆ, ಬೆಳಿಗ್ಗೆ ಏಳರಿಂದ ಎಂಟೂವರೆ. ಚಿಕ್ಕವನು ಮೆಟ್ಟಿಲ ಮೇಲೆ ಕಾಲು ಇಳಿಬಿಟ್ಟು ಕೂರುತ್ತಾನಂತೆ. ಅವನ ಪಕ್ಕದಲ್ಲಿ ನಾನು, ಫೋನು ಮನೆಯಲ್ಲಿ.